ಕಾಫಿ ಕುಡಿದದ್ದೇ ನೆನಪಿಲ್ಲ ಅನ್ನುವವರಿಗೆ

ಹೋದ ವಾರ ಬೆಳಿಗ್ಗೆ ಕಾಫಿ ಕುಡಿಯೋಣ ಅಂತ ಲೋಟ ಎತ್ತಿದೆ. ಖಾಲಿ. ತಳದಲ್ಲಿ ಒಂದಿಷ್ಟು ನೊರೆ ಅಂಟಿಕೊಂಡಿತ್ತು, ಅಷ್ಟೇ. ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ, ಅಂದರೆ ಕುಡಿದವನು ನಾನೇ. ಆದರೆ ಕುಡಿದ ನೆನಪೇ ಇಲ್ಲ. ಕೈಯಲ್ಲಿ ಮೊಬೈಲ್ ಇತ್ತು. ಅದರಲ್ಲಿ ಏನು ನೋಡುತ್ತಿದ್ದೆ ಅನ್ನುವುದೂ ನೆನಪಿಲ್ಲ. ಎದ್ದು ಫಿಲ್ಟರ್‌ಗೆ ಪುಡಿ ಹಾಕಿ, ಕುದಿನೀರು ಸುರಿದು, ಡಿಕಾಕ್ಷನ್ ಇಳಿಯಲಿ ಅಂತ ಕಾಲು ಗಂಟೆ ಕಾದು, ಹಾಲು ಕಾಯಿಸಿ, ಇಷ್ಟೆಲ್ಲ ಮಾಡಿದ್ದು ಯಾಕೆ ಹಾಗಾದರೆ?

ಇದು ನನ್ನೊಬ್ಬನ ಪಾಡಲ್ಲ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಒಂದು ಅಧ್ಯಯನ ಪ್ರಕಟಿಸಿದರು. ಫೋನಿನ ಆ್ಯಪ್ ಮೂಲಕ 2,250 ಜನರನ್ನು ದಿನದಲ್ಲಿ ಯಾವಾಗಂದರೆ ಆವಾಗ ಕೇಳಿದ್ದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯಾ, ಹೇಗನ್ನಿಸುತ್ತಿದೆ ಅಂತ. ಸುಮಾರು 47% ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಖುಷಿ ಕಡಿಮೆ. ಮನಸ್ಸಲ್ಲೇ ಮಂಡಿಗೆ ತಿನ್ನುತ್ತಿದ್ದವರಿಗೂ ಎದುರಿನ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಜಾಸ್ತಿ ಖುಷಿಯೇನೂ ಇರಲಿಲ್ಲ.

ಹಾಗಂತ ನಾಳೆಯಿಂದ ದಿನವಿಡೀ ಪ್ರತಿ ಕ್ಷಣವನ್ನೂ ಸವಿಯುತ್ತೇನೆ ಅಂತ ಹೊರಡಬೇಡಿ. ನಾನು ಹೊರಟಿದ್ದೆ. ಆಫೀಸಿಗೆ ಹೋಗುವ ದಾರಿಯಲ್ಲಿ ಎರಡನೇ ಸಿಗ್ನಲ್ ಹೊತ್ತಿಗೆ ಪಕ್ಕದ ಆಟೋದವರ ಜೊತೆ ಜಗಳಕ್ಕೆ ನಿಂತಿದ್ದೆ.

ಒಂದೇ ಒಂದು ಆರಿಸಿಕೊಳ್ಳಿ. ಹೊಸದು ಬೇಡ, ದಿನಾ ಮಾಡುವುದೇ ಇರಲಿ. ನನ್ನದು ಕಾಫಿ. ನಿಮ್ಮದು ಬಿಸಿನೀರಿನ ಸ್ನಾನ ಇರಬಹುದು, ಬಸ್ಸಿನ ಕಿಟಕಿ ಸೀಟು ಇರಬಹುದು, ಸಂಜೆ ಮೊಳ ಹೂವು ಕೊಳ್ಳುವ ಎರಡು ನಿಮಿಷ ಇರಬಹುದು. ಆ ಹೊತ್ತಿಗೆ ಮೊಬೈಲ್ ಬೇರೆ ರೂಮಿನಲ್ಲಿರಲಿ. ಮಗುಚಿ ಇಟ್ಟರೆ ಸಾಲದು, ಕೈ ತಾನಾಗೇ ಹೋಗುತ್ತೆ.

ಕಾಫಿಯದ್ದೇ ಹೇಳುತ್ತೇನೆ. ಫಿಲ್ಟರಿನ ಮೇಲಿನ ಬಟ್ಟಲು ಎತ್ತಿದ ತಕ್ಷಣ ಘಂ ಅಂತ ಬರುತ್ತಲ್ಲ, ಆ ವಾಸನೆಗೆ ಒಂದು ಸಲ ಸುಮ್ನೆ ನಿಂತುಕೊಳ್ಳಿ. ಹಾಲು ಸುರಿಯುವಾಗ ಕಪ್ಪು ಹೋಗಿ ಕೆಂಚು ಬಣ್ಣ ಬರುವುದನ್ನು ನೋಡಿ. ಆಮೇಲೆ ಮೊದಲ ಮೂರು ಗುಟುಕು. ಮೂರೇ. ಅಷ್ಟರ ಮೇಲೆ ಬೇಕಾದರೆ ಪೇಪರ್ ಓದಿ, ಜಗಳ ಆಡಿ, ನನ್ನ ಅಭ್ಯಂತರವಿಲ್ಲ. ನಾಲ್ಕನೇ ಗುಟುಕಿನ ಹೊತ್ತಿಗೆ ನಾಲಿಗೆಗೆ ಹೇಗೂ ರೂಢಿಯಾಗಿರುತ್ತೆ. ಕುಡಿಯುವಾಗ ಹೇಗಿದೆ ಅಂತ ಮನಸ್ಸಲ್ಲೇ ಒಂದು ಮಾತು ಹೇಳಿಕೊಳ್ಳಿ. "ಇವತ್ತು ಚಿಕೋರಿ ಜಾಸ್ತಿ", "ಡಿಕಾಕ್ಷನ್ ತೆಳುವಾಯ್ತು" ಅಂದರೂ ನಡೆಯುತ್ತೆ. ತಪ್ಪು ಹುಡುಕುವುದಕ್ಕೂ ನಾಲಿಗೆ ಮೇಲೆ ಗಮನ ಇರಬೇಕಲ್ವಾ? ನಮ್ಮ ಸೋದರಮಾವ ಮದುವೆ ಮನೆ ಕಾಫಿಗೆ ಹೆಸರಿಡುವಷ್ಟು ಖುಷಿಯಾಗಿ ಇನ್ನೇನನ್ನೂ ಮಾಡುವುದಿಲ್ಲ.

ಇನ್ನೊಂದು ಉಪಾಯ, ಸ್ವಲ್ಪ ಕಷ್ಟದ್ದು. ಇಷ್ಟದ್ದನ್ನು ಆಗಾಗ ಬಿಡಿ. 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿಗೆ ವಾರವಿಡೀ ಚಾಕೊಲೇಟ್ ಮುಟ್ಟಬೇಡಿ ಅಂದರು, ಇನ್ನೊಂದಕ್ಕೆ ಸಾಕಾಗುವಷ್ಟು ತಿನ್ನಿ ಅಂದರು, ಮತ್ತೊಂದಕ್ಕೆ ಏನೂ ಹೇಳಲಿಲ್ಲ. ವಾರದ ಮೇಲೆ ತಿಂದಾಗ ಜಾಸ್ತಿ ಸವಿದವರು ಬಿಟ್ಟಿದ್ದವರೇ. ನಮ್ಮ ಕಡೆಯವರಿಗೆ ಇದಕ್ಕೆ ಪ್ರಯೋಗ ಬೇಕಿಲ್ಲ, ಅವರೆಕಾಯಿ ಸಾಕು. ಚಳಿ ಬಿದ್ದ ಮೇಲೆ ಬರುವ ಸೊಗಡಿನ ಕಾಯಿಗೆ ತಿಂಗಳುಗಟ್ಟಲೆ ಕಾದಿರುತ್ತೇವಲ್ಲ, ಅದಕ್ಕೇ ಮೊದಲ ದಿನದ ಸಾರಿಗೆ ಅಷ್ಟು ರುಚಿ. ಅದರಲ್ಲೂ ಹಿತಕಿದ ಬೇಳೆ ಮಾಡುವ ದಿನ ಬಿಡಬೇಡಿ. ರಾತ್ರಿ ನೆನೆಸಿದ ಕಾಳನ್ನು ಬೆರಳ ಸಂದಿಯಲ್ಲಿ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಚಿಮ್ಮಿ ಪಾತ್ರೆಗೆ ಬೀಳುತ್ತೆ, ಕೆಲವು ಫ್ರಿಜ್ ಅಡಿಗೂ ಹೋಗುತ್ತವೆ. ಗಂಟೆಗಟ್ಟಲೆ ಕೆಲಸ. ಸಿಪ್ಪೆ ಸುಲಿದ ಬೇಳೆ ಅಂಗಡಿಯಲ್ಲೇ ಸಿಗುತ್ತೆ, ನಿಜ. ಆದರೆ ಕೈ ಒದ್ದೆ ಇರುವುದರಿಂದ ಯಾರೂ ಮೊಬೈಲ್ ಮುಟ್ಟದೆ ಸುತ್ತ ಕೂತು ಮಾತಾಡುವ ಆ ಹೊತ್ತು ಪ್ಯಾಕೆಟ್ಟಿನಲ್ಲಿ ಬರುವುದಿಲ್ಲ.

ಫೋಟೊ ತೆಗೆಯಬೇಡಿ ಅನ್ನುವುದಿಲ್ಲ. ಬೆಂಗಳೂರಿನಲ್ಲಿ ಟಬೆಬುಯಾ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಯಾರಿಗೆ ತಡೆಯುತ್ತೆ? ಒಂದು ತೆಗೆದು ಜೇಬಿಗಿಟ್ಟು, ಆಮೇಲೆ ಮರದ ಕೆಳಗೆ ಒಂದು ನಿಮಿಷ ನಿಂತು ಹೋಗಿ.

ಎಲ್ಲ ದಿನವೂ ಇದು ಆಗುವುದಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಸಾಲದ ಕಂತು ಕಟ್ಟಬೇಕು ಅನ್ನುವ ದಿನ ಕಾಫಿಯನ್ನು ಗಟಗಟ ಕುಡಿದು ಕೆಲಸ ನೋಡಿ, ಅದು ತಪ್ಪೇನಲ್ಲ. ವಾರಗಟ್ಟಲೆ ಯಾವುದರಲ್ಲೂ ರುಚಿಯೇ ಇಲ್ಲ, ನಿದ್ದೆ ಊಟ ಸರಿಯಿಲ್ಲ ಅಂದರೆ ಅದು ಸವಿಯಲು ಬಾರದ್ದಕ್ಕಲ್ಲ. ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕೊನೆಯದು, ಯಾರಿಗಾದರೂ ಹೇಳಿ. ಖುಷಿಯಾಗಿದ್ದನ್ನು ಇನ್ನೊಬ್ಬರ ಹತ್ತಿರ ಹೇಳುವಾಗ ಅದೇ ಖುಷಿ ಇನ್ನೊಂದು ಸಲ ಸಿಗುತ್ತೆ. ಇದಕ್ಕೆ ನಮ್ಮಲ್ಲಿ ಪ್ರಶ್ನೆ ರೆಡಿ ಇದೆ. "ಊಟ ಆಯ್ತಾ?" ಆದ ಮೇಲೆ ಬರುವ "ಏನ್ ಸಾರು?" ಅನ್ನುವುದು. ಇಷ್ಟು ವರ್ಷ ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ಏನೋ ಒಂದು" ಅಂತ ಮುಗಿಸುತ್ತಿದ್ದೆ. ಮೊನ್ನೆ ಸರಿಯಾಗಿ ಹೇಳಿದೆ. ಬಸ್ಸಾರು ಮಾಡಿದ್ದೆ ಅಮ್ಮ, ಹೆಸರುಕಾಳು, ಸಬ್ಬಸಿಗೆ ಸೊಪ್ಪು, ಪಲ್ಯಕ್ಕೆ ಕಾಯಿತುರಿ ಜಾಸ್ತಿ ಹಾಕಿದ್ದೆ ಅಂತ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಬೆಳ್ಳುಳ್ಳಿ ಸುಟ್ಟು ಹಾಕಿದ್ಯೋ, ಹಸೀದೇ ಹಾಕಿದ್ಯೋ?"

ಮುಕ್ಕಾಲು ಗಂಟೆ ಮಾತಾಡಿದೆವು.