ಹಿಂದಿನ ಅಳತೆಯನ್ನು ನೆನಪಿಡುವ ಲಿಸ್ಪ್ ಕಮಾಂಡ್: ನನ್ನ ಅನುಭವ

ಡ್ರಾಯಿಂಗ್ ಕೆಲಸಕ್ಕೆ ನಾನು ಆಟೋಕ್ಯಾಡ್ ಸಾಫ್ಟ್‌ವೇರಿನ ಆಟೋಲಿಸ್ಪ್ ಭಾಷೆಯಲ್ಲಿ ಬರೆದುಕೊಂಡ ಕಮಾಂಡ್‌ಗಳಲ್ಲಿ ಅತಿ ಹೆಚ್ಚು ಬಳಸುವುದು ಹೋಲ್ ಹಾಕುವ ರೊಟೀನ್ (ಚಿಕ್ಕ ಪ್ರೋಗ್ರಾಮ್). ಸೆಂಟರ್ ಪಾಯಿಂಟ್ ಕೇಳುತ್ತದೆ, ವ್ಯಾಸ ಕೇಳುತ್ತದೆ, ಸರ್ಕಲ್ ಎಳೆದು ಎರಡು ಸೆಂಟರ್ ಲೈನ್ ಹಾಕುತ್ತದೆ. ಒಂದೇ ಪ್ಲೇಟಿನಲ್ಲಿ ಅದೇ ಅಳತೆಯ ಹೋಲ್‌ಗಳು ಸಾಲಾಗಿದ್ದರೆ ಪ್ರತಿ ಸಲ 12 ಅಂತ ಟೈಪ್ ಮಾಡುವುದು ಸುಮ್ನೆ ಶ್ರಮ. ಹಿಂದಿನ ಸಲ ಕೊಟ್ಟ ಅಳತೆಯನ್ನು ಕಮಾಂಡೇ ತೋರಿಸಬೇಕು, ಎಂಟರ್ ಒತ್ತಿದರೆ ಅದನ್ನೇ ಹಿಡಿಯಬೇಕು. ಆಟೋಕ್ಯಾಡ್‌ನ ಆಫ್‌ಸೆಟ್ ಕಮಾಂಡ್ ಹಾಗೇ ಮಾಡುತ್ತದೆ ಅಲ್ವಾ?

ಹೊಸ ರೊಟೀನ್ ಶುರು ಮಾಡುವಾಗ ನಾನು ಮೊದಲು ನೋಡುವುದು ಯಾವ ವೇರಿಯಬಲ್ (ವ್ಯಾಲ್ಯೂ ಇಟ್ಟುಕೊಳ್ಳುವ ಹೆಸರು) ಎಷ್ಟು ಹೊತ್ತು ಬದುಕಬೇಕು ಅನ್ನುವುದನ್ನು. ಸೆಂಟರ್ ಪಾಯಿಂಟ್, ತ್ರಿಜ್ಯ, ಲೂಪಿನ ಎಣಿಕೆ, ಇವೆಲ್ಲ ಕಮಾಂಡ್ ಮುಗಿದೊಡನೆ ಹೋಗಬೇಕು. ಅವನ್ನು ರೊಟೀನ್ ಶುರುವಾಗುವ ಡಿಫನ್ (defun) ಸಾಲಿನ ಆವರಣದಲ್ಲಿ ಸ್ಲಾಷ್ ಆದ ಮೇಲೆ ಬರೆಯುತ್ತೇನೆ, ಆಗ ಅವು ಲೋಕಲ್. ಅಲ್ಲಿ ಬರೆಯದ ಹೆಸರಿಗೆ ಸೆಟ್‌ಕ್ಯೂ (setq) ಬಳಸಿ ವ್ಯಾಲ್ಯೂ ಕೊಟ್ಟರೆ ಅದು ಗ್ಲೋಬಲ್ ಆಗಿ, ಆ ಡ್ರಾಯಿಂಗ್ ಮುಚ್ಚುವವರೆಗೂ ಉಳಿಯುತ್ತದೆ. ಇನ್ನೊಂದು ರೊಟೀನಿನಲ್ಲಿ ಅದೇ ಹೆಸರಿದ್ದರೆ ಹಳೇ ವ್ಯಾಲ್ಯೂ ಅಲ್ಲಿಗೆ ನುಸುಳುತ್ತದೆ. ಹೊಸ ಡ್ರಾಯಿಂಗ್ ತೆರೆದು ನೋಡಿದರೆ ಎಲ್ಲ ಸರಿಯಾಗಿರುತ್ತದೆ, ಅದಕ್ಕೇ ಇಂಥ ದೋಷ ಹುಡುಕುವುದು ಕಷ್ಟ. ಇನ್ನೂ ಬರೆಯುತ್ತಿರುವಾಗ ಮಾತ್ರ ಆ ಪಟ್ಟಿಯನ್ನು ಖಾಲಿ ಬಿಡುತ್ತೇನೆ. ಆಗ ಕಮಾಂಡ್ ಲೈನಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ವೇರಿಯಬಲ್ ಹೆಸರು ಕೊಟ್ಟರೆ ಅದರಲ್ಲಿ ಏನಿದೆ ಅಂತ ಕಾಣುತ್ತದೆ.

ಉಳಿಯಬೇಕಾದದ್ದು ಡೀಫಾಲ್ಟ್, ಅಂದರೆ ಬರೀ ಎಂಟರ್ ಒತ್ತಿದರೆ ಹಿಡಿಯುವ ಅಳತೆ, ಒಂದೇ. ಅದರ ಹೆಸರಿನ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕುತ್ತೇನೆ, ನೋಡಿದೊಡನೆ ಗ್ಲೋಬಲ್ ಅಂತ ಗೊತ್ತಾಗಲಿ ಅಂತ. ಅದು ನಿಲ್ (ಏನೂ ಇಲ್ಲದ್ದು) ಆಗಿದ್ದರೆ ಮೊದಲ ಸಲಕ್ಕೆ 10.0 ಕೊಡುತ್ತೇನೆ. ಪ್ರಾಂಪ್ಟಿನಲ್ಲಿ, ಸಂಖ್ಯೆಯನ್ನು ಸ್ಟ್ರಿಂಗ್ (ಅಕ್ಷರಸಾಲು) ಮಾಡುವ ಆರ್‌ಟಾಸ್ (rtos) ಬಳಸಿ ಅದನ್ನು ಕೋನಾಕಾರದ ಕಂಸದೊಳಗೆ ತೋರಿಸುತ್ತೇನೆ.

ಉತ್ತರ ತೆಗೆದುಕೊಳ್ಳುವ ಜಾಗದಲ್ಲಿ ತುಂಬ ಎಚ್ಚರ ಬೇಕು. ಸಂಖ್ಯೆ ಕೇಳುವ ಗೆಟ್‌ರಿಯಲ್, ದೂರ ಕೇಳುವ ಗೆಟ್‌ಡಿಸ್ಟ್ ಎರಡೂ ಬರೀ ಎಂಟರ್ ಒತ್ತಿದರೆ ನಿಲ್ ಕೊಡುತ್ತವೆ. ಅದನ್ನು ನೇರವಾಗಿ ಗ್ಲೋಬಲ್‌ಗೆ ಹಾಕಿದರೆ ಇದ್ದ ಡೀಫಾಲ್ಟೂ ಅಳಿಸಿಹೋಗುತ್ತದೆ. ಹಾಗಾಗಿ ಉತ್ತರವನ್ನು ಒಂದು ಲೋಕಲ್‌ನಲ್ಲಿ ಹಿಡಿದು, ಏನಾದರೂ ಬಂದಿದ್ದರೆ ಮಾತ್ರ ಗ್ಲೋಬಲ್‌ಗೆ ಸಾಗಿಸುತ್ತೇನೆ. ಬೇರೆ ಲಿಸ್ಪ್ ಕಲಿತು ಬಂದವರು ಇಲ್ಲಿ ಆರ್ (or) ಫಂಕ್ಷನ್ ಬಳಸಲು ಹೋಗುತ್ತಾರೆ. ಆಟೋಲಿಸ್ಪ್‌ನಲ್ಲಿ ಆರ್ ಕೊಡುವುದು ವ್ಯಾಲ್ಯೂ ಅಲ್ಲ, ಬರೀ ಟಿ (ಹೌದು) ಅಥವಾ ನಿಲ್. ವ್ಯಾಲ್ಯೂನೇ ಬೇಕಿದ್ದರೆ ಕಾಂಡ್ (cond) ಕೆಲಸಕ್ಕೆ ಬರುತ್ತದೆ: ಒಂದೊಂದು ಸಾಲಿನಲ್ಲಿ ಬರೀ ವೇರಿಯಬಲ್ ಹೆಸರಿಟ್ಟರೆ, ನಿಲ್ ಅಲ್ಲದ ಮೊದಲನೆಯದನ್ನು ಅದು ಕೊಡುತ್ತದೆ. ಸ್ಟ್ರಿಂಗ್ ಕೇಳುವ ಗೆಟ್‌ಸ್ಟ್ರಿಂಗ್ ಮಾತ್ರ ಬೇರೆ ಥರ. ಎಂಟರ್‌ಗೆ ಅದು ಖಾಲಿ ಸ್ಟ್ರಿಂಗ್ ಕೊಡುತ್ತದೆ, ನಿಲ್ ಅಲ್ಲ.

ಸೊನ್ನೆ ಮತ್ತು ಮೈನಸ್ ಅಳತೆ ಬೇಡ ಅಂತ ಹೇಳಲು, ಉತ್ತರಕ್ಕೆ ಮಿತಿ ಹಾಕುವ ಇನಿಟ್‌ಗೆಟ್‌ಗೆ (initget) 6 ಕೊಡುತ್ತೇನೆ, ಅಂದರೆ ಸೊನ್ನೆ ತಡೆಯುವ 2 ಮತ್ತು ಮೈನಸ್ ತಡೆಯುವ 4 ಸೇರಿಸಿ. ಇದರ ಜೊತೆ 1 ಸೇರಿಸಿದರೆ ಎಂಟರ್ ಒಪ್ಪುವುದೇ ಇಲ್ಲ, ಡೀಫಾಲ್ಟ್ ಇಟ್ಟೂ ಪ್ರಯೋಜನವಿಲ್ಲ. ಇನಿಟ್‌ಗೆಟ್ ಮುಂದಿನ ಒಂದು ಪ್ರಶ್ನೆಗೆ ಮಾತ್ರ ಅನ್ವಯಿಸುತ್ತದೆ, ಲೂಪಿನಲ್ಲಿದ್ದರೆ ಪ್ರತಿ ಸುತ್ತಿನಲ್ಲೂ ಕರೆಯಬೇಕು.

ಇಷ್ಟಾದರೂ ಇನ್ನೊಂದು ಡ್ರಾಯಿಂಗ್ ತೆರೆದರೆ ಡೀಫಾಲ್ಟ್ ಮತ್ತೆ 10ಕ್ಕೆ ಬರುತ್ತದೆ, ಯಾಕೆಂದರೆ ಪ್ರತಿ ಡ್ರಾಯಿಂಗಿಗೂ ಅದರದೇ ವೇರಿಯಬಲ್‌ಗಳು. ತೆರೆದಿರುವ ಎಲ್ಲ ಡ್ರಾಯಿಂಗಿಗೂ ಸಿಗಬೇಕಾದರೆ ವಿಎಲ್-ಬಿಬಿ-ಸೆಟ್ (vl-bb-set) ಇದೆ, ಆದರೆ ಆಟೋಕ್ಯಾಡ್ ಮುಚ್ಚಿದರೆ ಅದೂ ಹೋಗುತ್ತದೆ. ನನಗೆ ನಾಳೆಯೂ ಬೇಕು, ಹಾಗಾಗಿ ಹೋಲ್ ವ್ಯಾಸಕ್ಕೆ, ಆಟೋಕ್ಯಾಡ್ ಮುಚ್ಚಿದರೂ ಉಳಿಸುವ ಸೆಟ್‌ಎನ್‌ವಿ (setenv) ಆರಿಸಿಕೊಂಡೆ. ಅದು ಸ್ಟ್ರಿಂಗ್ ಮಾತ್ರ ಇಡುತ್ತದೆ. ಆರ್‌ಟಾಸ್‌ನಲ್ಲಿ 8 ದಶಮಾಂಶ ಸ್ಥಾನ ಕೊಟ್ಟು ಬರೆದು, ಓದುವಾಗ ಎಟಾಫ್ (atof) ಬಳಸಿ ಮತ್ತೆ ಸಂಖ್ಯೆ ಮಾಡುತ್ತೇನೆ. ಪ್ರಾಂಪ್ಟಿಗೆ ಎರಡು ಸ್ಥಾನ ಸಾಕು, ಆದರೆ ಆ ಸ್ಟ್ರಿಂಗನ್ನೇ ಇಟ್ಟುಕೊಂಡರೆ 3.175 ಎಂಬ ಅಳತೆ ಮೆಲ್ಲಗೆ ಕೆಡುತ್ತದೆ.

ಡ್ರಾಯಿಂಗ್ ಸ್ಕೇಲನ್ನು ಮಾತ್ರ ಹೀಗೆ ಇಡುವುದಿಲ್ಲ. ಅದು ಕೆಲಸ ಮಾಡುವವರ ಅಭ್ಯಾಸವಲ್ಲ, ಆ ಡ್ರಾಯಿಂಗಿನ ಗುಣ. ಅದನ್ನು ವಿಲ್ಯಾಕ್ಸ್-ಎಲ್‌ಡೇಟಾ-ಪುಟ್ (vlax-ldata-put) ಬಳಸಿ ಡ್ರಾಯಿಂಗ್ ಒಳಗೇ ಇಡುತ್ತೇನೆ. ಆ ಫೈಲನ್ನು ಬೇರೆಯವರು ತೆರೆದು ನನ್ನ ರೊಟೀನ್ ಓಡಿಸಿದರೂ ಅದೇ ಸ್ಕೇಲ್ ಅವರಿಗೆ ಸಿಗುತ್ತದೆ.