ಶಾಲೆಗೆ ಗೋಡೆ, ಮಕ್ಕಳಿಗೆ ಕೌನ್ಸೆಲರ್: ದುಡ್ಡು ತಂದದ್ದು ಹೀಗೆ

ಕೇರಳದ ಗಡಿನಾಡಿನ ಕನ್ನಡ ಮಾಧ್ಯಮ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ಕೌನ್ಸೆಲಿಂಗಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ನಮ್ಮ ಪಿಟಿಎ (ಪೋಷಕ-ಶಿಕ್ಷಕ ಸಂಘ) ಸಭೆಯಲ್ಲೇ ಕೇಳಿದವರಿದ್ದರು. ಈಗ ಎರಡನೆಯ ವರ್ಷ. ವಾರಕ್ಕೆರಡು ದಿನ ಕನ್ನಡ, ತುಳು ಎರಡೂ ಬಲ್ಲ ಕೌನ್ಸೆಲರ್ ಬರುತ್ತಿದ್ದಾರೆ. ರಸ್ತೆ ಬದಿಯ ಗೋಡೆಯೂ ಎದ್ದಿದೆ.

ಮೊದಲ ವರ್ಷ ಗೋಡೆ, ಕ್ಯಾಮೆರಾ, ಕೋಣೆ, ಕೌನ್ಸೆಲರ್ ಎಲ್ಲ ಸೇರಿಸಿ ಸುಮಾರು ಆರು ಲಕ್ಷದ ಒಂದೇ ಅರ್ಜಿ ಬರೆದು ನಾಲ್ಕು ಕಡೆ ಕೊಟ್ಟೆವು. ನಾಲ್ಕೂ ವಾಪಸು. ಸಂಸದರ ನಿಧಿ ಬಾಳಿಕೆ ಬರುವ ಆಸ್ತಿಗೆ ಮಾತ್ರ, ಗೌರವಧನಕ್ಕೆ ಬರುವುದಿಲ್ಲ. ಪಂಚಾಯತಿನವರು ಗ್ರಾಮಸಭೆಯ ಮಿನಿಟ್ಸ್ ಕೇಳಿದರು. ಕಂಪನಿಯವರು ಸಿಎಸ್‌ಆರ್-1 ನೋಂದಣಿ ಕೇಳಿದರು, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣ ಪಡೆದು ಕೆಲಸ ಮಾಡುವ ಸಂಸ್ಥೆಗಳು ಕೇಂದ್ರ ಸರಕಾರದಲ್ಲಿ ಮಾಡಿಸಬೇಕಾದ ನೋಂದಣಿ. 2021ರ ಏಪ್ರಿಲಿನಿಂದ ಅದಿಲ್ಲದ ಸಂಸ್ಥೆಯ ಮೂಲಕ ಅವರು ಸಿಎಸ್‌ಆರ್ ಹಣ ಖರ್ಚು ಮಾಡುವಂತಿಲ್ಲ, ಪಿಟಿಎಗೆ ಅದು ಎಲ್ಲಿಂದ ಬರಬೇಕು? ಆಮೇಲೆ ಅರ್ಜಿಯನ್ನು ಒಡೆದೆವು.

ಗೋಡೆ, ದುರಸ್ತಿಯ ಅರ್ಜಿ ಸರಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ ಶಾಲೆಯಾದರೆ ಗ್ರಾಮ ಪಂಚಾಯತಿಗೆ, ಹೈಸ್ಕೂಲಾದರೆ ಜಿಲ್ಲಾ ಪಂಚಾಯತಿಗೆ. ಇಲ್ಲಿ ಎಡವಿ ಒಂದು ವರ್ಷ ಕಳೆದುಕೊಳ್ಳುವವರು ಬಹಳ. ವಾರ್ಡಿನ ಗ್ರಾಮಸಭೆಯಲ್ಲಿ ಬಾಯಲ್ಲಿ ಹೇಳಿದರೆ ಸಾಲದು, ಮಿನಿಟ್ಸಿನಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿಯೇ ಏಳಬೇಕು. ಹೊಸ ಗೋಡೆ ಪಂಚಾಯತಿನ ಯೋಜನಾ ನಿಧಿಗೆ ಹೋಗುತ್ತದೆ. ಸುಮಾರು 60 ಮೀಟರ್ ಕೆಂಪುಕಲ್ಲಿನ ಗೋಡೆಗೆ ನೆನಪಿದ್ದಂತೆ ಮೂರು ಲಕ್ಷದೊಳಗೆ ಮುಗಿಯಿತು. ನೆಲದ ಬಿಲ, ಒಡೆದ ಹಂಚು, ಹಳೆಯ ವಯರಿಂಗ್, ಬಾವಿಯ ಬಲೆ ಇವೆಲ್ಲ ದುರಸ್ತಿ. ಮೇಂಟೆನೆನ್ಸ್ ಗ್ರಾಂಟಿನಲ್ಲಿ ಕೇಳಿ. 2019ರಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರ ತರಗತಿಯಲ್ಲೇ ಹಾವು ಕಚ್ಚಿ ಮಗುವೊಂದು ತೀರಿಕೊಂಡಿತು. ನೆಲದ ಬಿಲವನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ. ಅಂಗಳದ ಮೇಲೆ ಹಾದ ವಿದ್ಯುತ್ ತಂತಿಗೆ ಬೇರೆಯೇ ಕಡತ ಮಾಡಿ. ಗೋಡೆಯ ಜೊತೆ ಸೇರಿಸಿದರೆ ಎರಡೂ ನಿಲ್ಲುತ್ತವೆ.

ಕಷ್ಟದ್ದು ಕೌನ್ಸೆಲರ್ ಹಣ. ದಿನಕ್ಕೆ 1000 ಗೌರವಧನ, ಬಸ್ಸಿಗೆ 150, ವಾರಕ್ಕೆ ಎರಡು ದಿನ, ರಜೆ ಕಳೆದು 38 ವಾರ. ವರ್ಷಕ್ಕೆ 87,000 ಆಸುಪಾಸು. ಸಿಎಸ್‌ಆರ್-1 ಇರುವ ಟ್ರಸ್ಟೊಂದರ ಮೂಲಕ ಕಂಪನಿಯಿಂದ ತಂದೆವು. ಕಂಪನಿಯವರು ಮೊದಲು ಒಪ್ಪಿದ್ದು ಒಂದು ದಿನದ ಜಾಗೃತಿ ಶಿಬಿರಕ್ಕೆ. ನಾವು ಬೇಡವೆಂದೆವು. ಶಿಬಿರದ ದಿನ ಮಗು ಬಾಯಿ ಬಿಟ್ಟರೆ ಮುಂದಿನ ವಾರ ಅದರ ಮಾತು ಕೇಳುವವರು ಯಾರು? ಅರ್ಜಿ ಗೆದ್ದದ್ದು ಮನೆಮಾತಿನ ಪಟ್ಟಿಯಿಂದ. ಎಷ್ಟು ಮಕ್ಕಳ ಮನೆಯಲ್ಲಿ ಕನ್ನಡ, ಎಷ್ಟು ಕಡೆ ತುಳು, ಎಷ್ಟು ಕಡೆ ಮಲಯಾಳ ಎಂದು ತರಗತಿವಾರು ಬರೆದು ಲಗತ್ತಿಸಿದೆವು. ಮಲಯಾಳ ಮಾತ್ರ ಬಲ್ಲವರ ಎದುರು ನಮ್ಮ ಚಿಕ್ಕ ಮಕ್ಕಳು ತಲೆಯಾಡಿಸಿ ಎದ್ದು ಬರುತ್ತವೆ.  ಕಂಪನಿಯ ಬಳಿ ವರ್ಷ ಮುಗಿಯುವ ಮಾರ್ಚಿನಲ್ಲಿ ಹೋಗಬೇಡಿ, ನವೆಂಬರಿಗೆ ಕಾಗದ ಅವರ ಮೇಜಿನ ಮೇಲಿರಲಿ.

ಕೌನ್ಸೆಲಿಂಗ್ ಕೋಣೆಯಲ್ಲಿ 22,000 ನಷ್ಟವಾಯಿತು. ಪ್ಲೈವುಡ್ ತಡಿಕೆ ಹಾಕಿಸಿದೆವು, ಪಕ್ಕದ ತರಗತಿಗೆ ಒಂದೊಂದು ಮಾತೂ ಕೇಳುತ್ತಿತ್ತು. ಕೊನೆಗೆ ಅಡುಗೆಕೋಣೆ ಪಕ್ಕದ ಕಲ್ಲಿನ ಉಗ್ರಾಣ ಖಾಲಿ ಮಾಡಿ ಸುಣ್ಣ ಹೊಡೆದೆವು, ಅದೇ ಸರಿಹೋಯಿತು. ದೂರಿನ ಪೆಟ್ಟಿಗೆಯೂ ಹಾಗೆಯೇ: ಮುಖ್ಯೋಪಾಧ್ಯಾಯರ ಕೋಣೆಯ ಎದುರು ಇದ್ದಾಗ ಚೀಟಿಯೇ ಇಲ್ಲ, ಶೌಚಾಲಯದ ದಾರಿಗೆ ಸರಿಸಿದ ಮೇಲೆ ತಿಂಗಳಿಗೆ ಏಳೆಂಟು ಬರುತ್ತವೆ. ಪಕ್ಕದಲ್ಲೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಬರೆಸಿದ್ದೇವೆ. ಅದಕ್ಕೆ ಯಾರ ಅನುದಾನವೂ ಬೇಕಿಲ್ಲ.

ಕಂಪನಿಯ ಜೊತೆಗಿನ ಒಪ್ಪಂದದಲ್ಲೇ ಎರಡು ಷರತ್ತು ಬರೆಸಿಕೊಳ್ಳಿ. ವರದಿಯಲ್ಲಿ ಭೇಟಿಗಳ ಸಂಖ್ಯೆ ಇರುತ್ತದೆ. ಮಗುವಿನ ಹೆಸರು, ಫೋಟೋ ಇರುವುದಿಲ್ಲ. ಲೈಂಗಿಕ ದೌರ್ಜನ್ಯದ ಮಾತು ಬಂದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುತ್ತೇವೆ, ಶಾಲೆಯೊಳಗೆ ರಾಜಿ ಇಲ್ಲ. ಕಂಪನಿಯವರು ಫೋಟೋ ಬೇಕೇ ಬೇಕೆಂದಾಗ ನಾವು ಕಳಿಸಿದ್ದು ಸುಣ್ಣ ಹೊಡೆದ ಆ ಉಗ್ರಾಣದ ಮುಚ್ಚಿದ ಬಾಗಿಲಿನದು. ಎರಡನೆಯ ವರ್ಷದ ಕಂತು ಅದರ ಮೇಲೆಯೇ ಬಂತು.