ಇನ್ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಕೂಲಿಕಾರನ ಜಾಡು ಹಿಡಿಯುವುದು ಹೇಗೆ?

ಜಮೀನ್ದಾರರ ವಂಶಾವಳಿ ಅಚ್ಚಾಗಿಯೇ ಸಿಗುತ್ತದೆ. 1760ರಲ್ಲಿ ಇಂಗ್ಲೆಂಡಿನ ನಾರ್ಫಕ್ ಕೌಂಟಿಯ (ಜಿಲ್ಲೆಯ) ಹೊಲದಲ್ಲಿ ಕೂಲಿ ಮಾಡುತ್ತಿದ್ದವನ ಬದುಕನ್ನೂ ಹುಡುಕಬಹುದು. ಎಲ್ಲಿ ಹುಡುಕಬೇಕೆಂದು ಗೊತ್ತಿರಬೇಕು, ಅಷ್ಟೆ.

ಇಂಗ್ಲೆಂಡಿನಲ್ಲಿ ಜನನ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದೇ 1837ರ ಜುಲೈನಲ್ಲಿ. ಹಾಗಾಗಿ ಈಚಿನ ದಾಖಲೆಯಿಂದ ಹಿಂದಕ್ಕೆ ಸಾಗಬೇಕು. ಮೊದಲು 1851ರ ಜನಗಣತಿ ನೋಡಿ. ವಯಸ್ಸಿನ ಜೊತೆ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಕೂಡ ಅದರಲ್ಲಿದೆ. ಆಗ ಎಪ್ಪತ್ತು ದಾಟಿದ್ದ ಅಜ್ಜಿ ಸಿಕ್ಕರೆ 1780ರ ಸುಮಾರಿನ ಒಂದು ಊರಿನ ಹೆಸರು ಕೈಗೆ ಬಂದಂತೆ. 1841ರ ಗಣತಿಯ ವಯಸ್ಸನ್ನು ಪೂರ್ತಿ ನಂಬಬೇಡಿ. ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ.

ಆಮೇಲೆ ಆ ಊರಿನ ಚರ್ಚ್ ರಿಜಿಸ್ಟರ್, ಅಂದರೆ ಮಕ್ಕಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಟ್ಟ ಪುಸ್ತಕ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಎಷ್ಟೋ ಊರುಗಳ ಸೂಚಿ ಉಚಿತವಾಗಿದೆ, ಮೂಲ ಪುಸ್ತಕಗಳು ಬಹುಮಟ್ಟಿಗೆ ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತವೆ. ಹೆಸರು ಹೊಂದಿತೆಂದು ಹಿಗ್ಗಬೇಡಿ. ಆ ಮಗು ಎಳವೆಯಲ್ಲೇ ತೀರಿಕೊಂಡಿತೇ ಎಂದು ಸಮಾಧಿಯ ಪುಟಗಳಲ್ಲೂ ನೋಡಿ. 1754ರ ಮಾರ್ಚ್ 25ರಿಂದ ಈಚಿನ ಮದುವೆ ದಾಖಲೆಯಲ್ಲಿ ವಧೂವರರ ರುಜು ಅಥವಾ ಗುರುತು, ಸಾಕ್ಷಿಗಳ ಹೆಸರು ಇರುತ್ತವೆ. ಸಾಕ್ಷಿ ಹಾಕಿದವರು ಒಡಹುಟ್ಟಿದವರಿರಬಹುದು. 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ರಿಜಿಸ್ಟರಿನಲ್ಲಿ 1740ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1741.

ಇಷ್ಟಕ್ಕೇ ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು ಮೂರು ತಾರೀಖು ಮಾತ್ರ. ಬದುಕು ತೆರೆದುಕೊಳ್ಳುವುದು ಬಡವರ ನೆರವಿಗೆ ಸಂಬಂಧಿಸಿದ ಕಾಗದಗಳಲ್ಲಿ. 1662ರ ಕಾನೂನಿನ ಪ್ರಕಾರ ನಿರ್ಗತಿಕರನ್ನು ಸಾಕುವ ಹೊಣೆ ಅವರ ಸ್ವಂತ ಪ್ಯಾರಿಷ್‌ನದು. ಬೇರೆ ಊರಿನವನು ಕೆಲಸವಿಲ್ಲದೆಯೋ ಕಾಯಿಲೆ ಬಿದ್ದೋ ಕೈಚಾಚುವಂತಾದರೆ ಅವನ ಸ್ವಂತ ಪ್ಯಾರಿಷ್ ಯಾವುದೆಂದು ತೀರ್ಮಾನಿಸಲು ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಬಳಿ ಕಸುಬು ಕಲಿತೆ, ಯಾರ ಮನೆಯಲ್ಲಿ ಒಂದು ವರ್ಷ ಪೂರ್ತಿ ಸಂಬಳಕ್ಕಿದ್ದೆ, ವರ್ಷಕ್ಕೆ 10 ಪೌಂಡಿನ ಬಾಡಿಗೆ ಕಟ್ಟಿದ್ದೀಯಾ? ಉತ್ತರಗಳನ್ನು ಗುಮಾಸ್ತ ಬರೆದುಕೊಳ್ಳುತ್ತಿದ್ದ. ಓದುಬರಹ ಬಾರದ ಒಬ್ಬ ಮನುಷ್ಯನ ಆತ್ಮಕಥೆ ಒಂದೇ ಹಾಳೆಯಲ್ಲಿ! ಹೆಂಡತಿ ಮಕ್ಕಳ ಸಮೇತ ಅವನನ್ನು ಸ್ವಂತ ಪ್ಯಾರಿಷ್‌ಗೆ ಸಾಗಹಾಕಿದ ಆದೇಶವೂ ಜೊತೆಗಿರಬಹುದು. ಕೌಂಟಿ ಕಚೇರಿಯಲ್ಲಿ ಆ ವಿಚಾರಣೆಯ ಹಾಳೆಯನ್ನು ಸೆಟ್ಲ್‌ಮೆಂಟ್ ಎಕ್ಸಾಮಿನೇಶನ್, ಆದೇಶವನ್ನು ರಿಮೂವಲ್ ಆರ್ಡರ್ ಎಂದೇ ಕೇಳಿ. ಬಡವರ ಮೇಲ್ವಿಚಾರಕರ ಲೆಕ್ಕದ ಪುಸ್ತಕವನ್ನೂ ಬಿಡಬೇಡಿ. ಯಾವ ವಿಧವೆಗೆ ಬೂಟು ಕೊಡಿಸಿದರು, ಯಾರ ಶವಪೆಟ್ಟಿಗೆಗೆ ಎಷ್ಟು ಖರ್ಚಾಯಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ.

ಕಸುಬಿನವರಾದರೆ 1710ರಿಂದ 1811ರವರೆಗಿನ ಅಪ್ರೆಂಟಿಸ್ (ಕಸುಬು ಕಲಿಯಲು ಸೇರಿದವರ) ತೆರಿಗೆಯ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಪ್ಯಾರಿಷ್ ಖರ್ಚಿನಲ್ಲಿ ಕಸುಬಿಗೆ ಸೇರಿದ ಮಕ್ಕಳಿಗೆ ತೆರಿಗೆ ಇರಲಿಲ್ಲ, ಅವರನ್ನು ಪ್ಯಾರಿಷ್ ಕಾಗದಗಳಲ್ಲೇ ಹುಡುಕಬೇಕು. ಲಂಡನ್ನಿನವರಾದರೆ ಓಲ್ಡ್ ಬೈಲಿ ನ್ಯಾಯಾಲಯದ ವಿಚಾರಣೆಗಳನ್ನು ಆನ್‌ಲೈನ್‌ನಲ್ಲಿ ಓದಿ. ಸಾಕ್ಷಿ ಹೇಳಿದ ಸಾಮಾನ್ಯರು ತಮ್ಮ ಕೆಲಸ, ಬಿಡಾರದ ವಿಷಯವನ್ನೂ ಹೇಳಿದ್ದಾರೆ.

ಪೂರ್ವಜ ಸಿಪಾಯಿಯಾಗಿ ಮೈಸೂರು ಯುದ್ಧಗಳಿಗೆ ಬಂದಿದ್ದನೆಂಬ ಮಾತು ಮನೆಯಲ್ಲಿದ್ದರೆ, ಅವನು ಯಾರ ಸಂಬಳದವನೆಂದು ಮೊದಲು ತಿಳಿಯಿರಿ. ರಾಜನ ಸೈನ್ಯದವನ ಕಾಗದ ಕ್ಯೂನಲ್ಲಿ, ಈಸ್ಟ್ ಇಂಡಿಯಾ ಕಂಪನಿಯವನದು ಬ್ರಿಟಿಷ್ ಲೈಬ್ರರಿಯಲ್ಲಿ.